ಎಂಟರಿಂದ ಹತ್ತರವರೆಗೆ: ಮಲೆನಾಡಿನ ಹೈಸ್ಕೂಲಲ್ಲಿ ಸಂಗೀತ ಕಲಿಸುವ ಬಗೆ

ವಾರಕ್ಕೆ ಒಂದು ಪೀರಿಯಡ್. 40 ನಿಮಿಷ. ಎದುರಿಗೆ ನಲವತ್ತೈದು ಮಕ್ಕಳು. ಹೈಸ್ಕೂಲಲ್ಲಿ ಸಂಗೀತ ಅಂದರೆ ನಮಗೆ ಸಿಗುವುದು ಇಷ್ಟೇ. ಮಳೆ ರಜೆ, ಪರೀಕ್ಷೆ, ಕ್ರೀಡಾಕೂಟ, ಜಯಂತಿಗಳು ಎಲ್ಲ ಕಳೆದರೆ ನನ್ನ ಡೈರಿಯಲ್ಲಿ ಒಂದು ಕ್ಲಾಸಿಗೆ ವರ್ಷಕ್ಕೆ 24 ಪೀರಿಯಡ್ ದಾಟಿದ್ದೇ ಇಲ್ಲ.

ಇಷ್ಟರಲ್ಲಿ ಯಾರನ್ನೂ ವಿದ್ವಾಂಸರನ್ನಾಗಿ ಮಾಡಲು ಆಗುವುದಿಲ್ಲ. ಆದರೆ ಹತ್ತನೇ ಕ್ಲಾಸು ಮುಗಿಸಿ ಹೋಗುವ ಪ್ರತಿ ಮಗುವೂ ಶ್ರುತಿಗೆ ಸೇರಿ, ತಾಳ ತಪ್ಪದೆ, ನಾಚಿಕೆ ಇಲ್ಲದೆ ನಾಲ್ಕು ಜನರ ಜೊತೆ ಹಾಡುವ ಹಾಗೆ ಖಂಡಿತ ಮಾಡಬಹುದು. ಪ್ರತಿ ಮಗುವೂ ಅಂದೆ, ಗಮನಿಸಿ. ಮುಂದಿನ ಬೆಂಚಿನ ಐದು ಜನ ಚೆನ್ನಾಗಿ ಹಾಡುವವರನ್ನು ಆರಿಸಿಕೊಂಡು ಸ್ಪರ್ಧೆಗೆ ತಯಾರು ಮಾಡಿ, ಉಳಿದ ನಲವತ್ತು ಜನರಿಗೆ ಚಪ್ಪಾಳೆ ತಟ್ಟಲು ಹೇಳುವುದಕ್ಕೆ ನಾನು ಸಂಗೀತ ಪಾಠ ಅನ್ನುವುದಿಲ್ಲ.

ಇದನ್ನು ಸಂಗೀತ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ. ಜೊತೆಗೆ, ಸಂಗೀತದ ಹುದ್ದೆಯೇ ಇಲ್ಲದ ಶಾಲೆಯಲ್ಲಿ "ನೀವೇ ಸ್ವಲ್ಪ ಹಾಡು ಹೇಳಿಕೊಡಿ ಮೇಡಂ" ಅಂತ ಹೇಳಿಸಿಕೊಂಡ ಕನ್ನಡ ಶಿಕ್ಷಕರಿಗೂ.

ಮೊದಲು ಗಂಟಲು ನೋಡಿ

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಹಾಡುವಾಗ ಸ್ವರ ಒಡೆದು ಎಲ್ಲರೂ ನಕ್ಕರು. ನಾನು ಅವನಿಗೆ "ನೀನು ಸುಮ್ನೆ ತುಟಿ ಆಡಿಸು" ಅಂದೆ. ಅವನು ಹತ್ತನೇ ಕ್ಲಾಸು ಮುಗಿಯುವ ತನಕ ಬಾಯಿ ತೆರೆಯಲಿಲ್ಲ. ಎಂಟನೇ ಕ್ಲಾಸಲ್ಲಿ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದ ಹುಡುಗ ಅವನು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆಗ ನನಗೆ ಗೊತ್ತಿರಬೇಕಿದ್ದ ವಿಷಯ ತುಂಬ ಸರಳವಾದದ್ದು. 12ರಿಂದ 15 ವರ್ಷದ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಒಳಗಿನ ಸ್ವರತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ದನಿ ಸುಮಾರು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ದೂರ) ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಎರಡು ಮೂರು ಸ್ವರಸ್ಥಾನದಷ್ಟು (ಹಾರ್ಮೋನಿಯಂನ ಎರಡು ಮೂರು ಮನೆ, ಅಂದರೆ ಕೀಲಿಯಷ್ಟು) ಮಾತ್ರ. ಅಂದರೆ ನಾವು ಕಲಿಸುವ ಈ ಮೂರು ವರ್ಷದಲ್ಲೇ ಮಗುವಿನ ಕೈಯಲ್ಲಿರುವ ವಾದ್ಯವೇ ಬದಲಾಗುತ್ತಿರುತ್ತದೆ. ಹೀಗಿರುವಾಗ ಮೂರೂ ಕ್ಲಾಸಿಗೆ ಒಂದೇ ಪಾಠ ಹೇಳುವುದು ಹೇಗೆ ಸರಿಯಾಗುತ್ತದೆ?

ಅದಕ್ಕೇ ಜೂನ್‌ನ ಮೊದಲ ಪೀರಿಯಡ್ ಹಾಡಿಗಲ್ಲ, ದನಿ ನೋಡುವುದಕ್ಕೆ. ಮಕ್ಕಳನ್ನು ಐದೈದು ಜನರಂತೆ ಕರೆಯಿರಿ. ಒಬ್ಬೊಬ್ಬರನ್ನೇ ಎಲ್ಲರ ಮುಂದೆ ನಿಲ್ಲಿಸಬೇಡಿ, ಅರ್ಧ ಜನ ಅಲ್ಲೇ ಹೆದರಿ ಹೋಗುತ್ತಾರೆ. ಮಾತಾಡುವ ದನಿಯಲ್ಲಿ ಒಂದರಿಂದ ಹತ್ತು ಎಣಿಸಲು ಹೇಳಿ. ಆ ದನಿ ಹಾರ್ಮೋನಿಯಂನ ಯಾವ ಮನೆಗೆ ಹತ್ತಿರ ಇದೆ ನೋಡಿಕೊಳ್ಳಿ. ಆಮೇಲೆ ತೋಟದ ಆಚೆ ಇರುವವರನ್ನು ಕರೆಯಲು "ಕೂ..." ಅಂತ ಹಾಕುತ್ತೇವಲ್ಲ, ಅದನ್ನು ಹಾಕಿಸಿ. ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ. ಹಾಡು ಅಂದರೆ ಮುದುಡಿಕೊಳ್ಳುವ ಮಗುವೂ ಕೂ ಹಾಕು ಅಂದರೆ ಗಂಟಲು ಬಿಚ್ಚಿ ಹಾಕುತ್ತದೆ, ಅವರ ದನಿ ಎಲ್ಲಿಯ ತನಕ ಏರುತ್ತದೆ, ಎಲ್ಲಿ ಒಡೆಯುತ್ತದೆ ಅನ್ನುವುದು ಹತ್ತು ಸೆಕೆಂಡಲ್ಲಿ ತಿಳಿಯುತ್ತದೆ.

ಪುಸ್ತಕದಲ್ಲಿ ಮೂರು ಗುಂಪು ಮಾಡಿಕೊಳ್ಳಿ: ಹುಡುಗಿಯರು ಮತ್ತು ದನಿ ಒಡೆಯದ ಹುಡುಗರು, ದನಿ ಒಡೆಯುತ್ತಿರುವವರು, ದನಿ ಇಳಿದು ನಿಂತವರು. ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ, ಜನವರಿಯಲ್ಲಿ ಮತ್ತೊಮ್ಮೆ ನೋಡಿ. ಹೆಸರುಗಳು ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇರುತ್ತವೆ.

ಶ್ರುತಿಯ ವಿಷಯ. ಹುಡುಗಿಯರು ಮಾತ್ರ ಹಾಡುವಾಗ ಕಪ್ಪು ನಾಲ್ಕು (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ‘ಸ’ ಮಾಡಿಕೊಳ್ಳುವುದು) ಚೆನ್ನಾಗಿರುತ್ತದೆ. ಆದರೆ ಎಲ್ಲರೂ ಸೇರಿ ಹಾಡುವಾಗ ಬಿಳಿ ಒಂದು ಹಿಡಿಯಿರಿ, ದನಿ ಇಳಿದ ಹುಡುಗರು ತಾವಾಗಿಯೇ ಒಂದು ಸ್ಥಾಯಿ ಕೆಳಗೆ ಸೇರಿಕೊಳ್ಳುತ್ತಾರೆ. ಹಾಡು ಮಾತ್ರ ಷಡ್ಜದಿಂದ (ಸ) ಮೇಲಿನ ಷಡ್ಜದ ಒಳಗೇ ಇರಲಿ. ತಾರ ಗಾಂಧಾರ (ಮೇಲಿನ ಸ್ಥಾಯಿಯ ‘ಗ’) ಮುಟ್ಟುವ ಹಾಡು ಈ ಶ್ರುತಿಗೆ ಬೇಡ. ಇನ್ನು ದನಿ ಒಡೆಯುತ್ತಿರುವವರು. ಅವರಿಗೆ ಆಗ ಹೆಚ್ಚೆಂದರೆ ಐದಾರು ಸ್ವರ ನೆಮ್ಮದಿಯಾಗಿ ಬರುತ್ತವೆ. ಬಿಳಿ ಒಂದರ ಕೆಳಗಿನ ಪಂಚಮ (ಪ) ಸಾಮಾನ್ಯವಾಗಿ ಅವರ ಕೈಗೆ ಎಟುಕುತ್ತದೆ. ಉಳಿದವರು ಹಾಡುವಾಗ ಇವರು ಆ ಪಂಚಮವನ್ನು "ಓ" ಅಂತ ಹಿಡಿದು ನಿಲ್ಲಲಿ. ತಂಬೂರಿಯ ಕೆಲಸ ಅದು ಅಂತ ಅವರಿಗೆ ಹೇಳಿ. ಅವರು ನಿಲ್ಲಿಸಿದ ಕೂಡಲೇ ಹಾಡು ಹೇಗೆ ಬರಿದಾಗುತ್ತದೆ ಅಂತ ಒಮ್ಮೆ ಕೇಳಿಸಿಯೂ ತೋರಿಸಿ.

ದನಿ ಒಡೆಯುವುದು ಏನು ಅಂತ ಇಡೀ ಕ್ಲಾಸಿಗೆ ಐದು ನಿಮಿಷ ಬಿಡಿಸಿ ಹೇಳಿದರೆ ನಗು ಮುಕ್ಕಾಲು ಭಾಗ ನಿಲ್ಲುತ್ತದೆ. ಆ ಐದು ನಿಮಿಷ ಯಾವತ್ತೂ ಉಳಿಸಬೇಡಿ.

ಎಂಟನೇ ಕ್ಲಾಸು: ಕಿವಿ ಮತ್ತು ಕೈ

ಮೊದಲ ನಾಲ್ಕು ವಾರ ಸ್ವರ ಬೇಡ, ನೋಟ್ಸ್ ಬರೆಸುವುದಂತೂ ಬೇಡವೇ ಬೇಡ. ಏಳು ತಾಳ, ಐದು ಜಾತಿ, ಮೂವತ್ತೈದು ತಾಳ ಅಂತ ಕಪ್ಪು ಹಲಗೆ ತುಂಬಿಸುವವರಿದ್ದಾರೆ. ಒಂದು ತಾಳವನ್ನೂ ಹಾಕಲು ಬಾರದ ಮಗುವಿಗೆ ಆ ಪಟ್ಟಿಯಿಂದ ಏನು ಸಿಕ್ಕಿತು?

ಪೀರಿಯಡ್ ಶುರುವಾದ ಕೂಡಲೇ ಶ್ರುತಿ ಹಾಕಿ. ಶ್ರುತಿ ಪೆಟ್ಟಿಗೆ ಇಲ್ಲದಿದ್ದರೆ ಮೊಬೈಲಿನ ತಂಬೂರ ಆಪ್ ಸಾಕು, ಚಿಕ್ಕ ಸ್ಪೀಕರ್ ಮಾತ್ರ ಇರಲಿ. ಕಣ್ಣು ಮುಚ್ಚಿ, ಬಾಯಿ ಮುಚ್ಚಿ, "ಮ್..." ಅಂತ ಎರಡು ನಿಮಿಷ. ಶ್ರುತಿ ಸೇರಿದಾಗ ತುಟಿ, ಮೂಗಿನ ಹತ್ತಿರ ಝುಮ್ ಅನ್ನುವುದು ತಿಳಿಯುತ್ತದೆ. ಆ ಝುಮ್ ಯಾರಿಗೆ ಸಿಕ್ಕಿತು ಅಂತ ಕೇಳಿ, ಮೊದಲ ದಿನ ನಾಲ್ಕು ಕೈ ಏಳುತ್ತವೆ, ತಿಂಗಳಲ್ಲಿ ನಲವತ್ತು.

ಆಮೇಲೆ ಆದಿ ತಾಳ. ಎಂಟು ಅಕ್ಷರ, ನಾಲ್ಕು, ಎರಡು, ಎರಡು. ಬೆರಳೆಣಿಕೆ ಆಮೇಲೆ ಹೇಳಿಕೊಡಿ, ಮೊದಲು ನಡೆಸಿ. ವರಾಂಡದಲ್ಲಿ ಸಾಲಾಗಿ ಎಂಟು ಹೆಜ್ಜೆ, ಒಂದನೇ, ಐದನೇ, ಏಳನೇ ಹೆಜ್ಜೆಗೆ ಚಪ್ಪಾಳೆ. ಕಾಲಿಗೆ ಬಂದ ತಾಳ ಕೈಗೆ ಬರುತ್ತದೆ. ಆಗ ಕೂರಿಸಿ, ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಪೆಟ್ಟು, ತಿರುವು, ಪೆಟ್ಟು, ತಿರುವು.

ಜುಲೈ ಆಗಸ್ಟ್‌ನಲ್ಲಿ ತಾಳಕ್ಕೇ ಜಾಸ್ತಿ ಸಮಯ ಕೊಡುವುದಕ್ಕೆ ನನಗೆ ಇನ್ನೊಂದು ಕಾರಣ ಇದೆ. ನಮ್ಮ ಶಾಲೆಯ ಮಾಡು ತಗಡಿನದು. ಆಷಾಢದ ಮಳೆ ಹಿಡಿದರೆ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಶ್ರುತಿ ಎಲ್ಲಿ ಕೇಳಬೇಕು! ಆ ಗದ್ದಲದಲ್ಲಿ ಹಾಡಿಸಿದರೆ ಮಕ್ಕಳು ಕಿರುಚುತ್ತಾರೆ, ಗಂಟಲು ಕಟ್ಟುತ್ತದೆ, ಅದೇ ಚಾಳಿಯಾಗುತ್ತದೆ. ಅದಕ್ಕೆ ಮಳೆಗಾಲದಲ್ಲಿ ಲಯ, ಮಳೆ ಬಿಟ್ಟ ಮೇಲೆ ಸ್ವರ ಅಂತ ವರ್ಷದ ಯೋಜನೆಯನ್ನೇ ಹಾಕಿಕೊಂಡುಬಿಡಿ. ಬೆಂಚು, ತೊಡೆ, ಕೊಡೆಯ ಹಿಡಿ, ಸ್ಟೀಲಿನ ತಟ್ಟೆ ಎಲ್ಲವೂ ವಾದ್ಯವೇ. ಅರ್ಧ ಕ್ಲಾಸು ತಾಳ ಹಾಕಲಿ, ಇನ್ನರ್ಧ ಅದೇ ವೇಗಕ್ಕೆ "ತಕಧಿಮಿ" ಒಂದನೇ ಕಾಲ, ಎರಡನೇ ಕಾಲ (ಅದರ ಎರಡರಷ್ಟು ವೇಗ) ಹೇಳಲಿ. ಮಧ್ಯೆ ನೀವು ಕೈ ಎತ್ತಿದಾಗ ಎಲ್ಲರೂ ಮೌನ, ತಾಳ ಮನಸ್ಸಲ್ಲೇ ನಡೆಯಬೇಕು, ಕೈ ಇಳಿಸಿದಾಗ ಎಲ್ಲರೂ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಸೇರಬೇಕು. ಈ ಒಂದು ಆಟಕ್ಕಾಗಿ ಮಕ್ಕಳು ನನ್ನನ್ನು ಸ್ಟಾಫ್ ರೂಮಿನಿಂದ ಎಳೆದುಕೊಂಡು ಹೋಗುತ್ತಾರೆ.

ಸ್ವರ ಶುರು ಮಾಡುವಾಗ ಪದ್ಧತಿ ಇರುವುದು ಮಾಯಾಮಾಳವಗೌಳ ರಾಗದಲ್ಲಿ ಸರಳೆವರಸೆಯಿಂದ, ಅಂದರೆ ಸ್ವರಗಳನ್ನು ಏರಿಳಿಸಿ ಹಾಡುವ ಮೊದಲ ಪಾಠಗಳಿಂದ. ಪುರಂದರದಾಸರು ಹಾಕಿಕೊಟ್ಟ ದಾರಿ ಅದು. (ದಾಸರು ನಮ್ಮ ಕಡೆಯವರು ಅಂತ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸುತ್ತಲಿನ ಜನ ಹೆಮ್ಮೆಯಿಂದ ಹೇಳುತ್ತಾರೆ. ಅದನ್ನು ಹೇಳಿದರೆ ಮಕ್ಕಳು ನೆಟ್ಟಗೆ ಕೂರುತ್ತಾರೆ.) ಆ ದಾರಿಯ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಅದು ದಿನವೂ ಗುರುವಿನ ಎದುರು ಕೂರುವ ಮಗುವಿನ ದಾರಿ. ವಾರಕ್ಕೊಮ್ಮೆ ನಲವತ್ತೈದು ಜನ ಒಟ್ಟಿಗೆ ಹಾಡುವಾಗ ಸ-ರಿ ನಡುವಿನ ಆ ಸಣ್ಣ ಅಂತರ ನಿಲ್ಲುವುದಿಲ್ಲ, ರಿಷಭ ಮೇಲೆ ಮೇಲೆ ಹೋಗುತ್ತದೆ. ಹಾಗಾಗಿ ನಾನು ಮೊದಲ ಎರಡು ತಿಂಗಳು ಮೋಹನ ರಾಗದ ಐದು ಸ್ವರ ಮಾತ್ರ ಹೇಳಿಸುತ್ತೇನೆ. ಸ ರಿ ಗ ಪ ದ. ಎಲ್ಲ ಅಂತರಗಳೂ ದೊಡ್ಡವು, ಕಿವಿಗೆ ಬೇಗ ಸಿಗುತ್ತವೆ. ನೀವು ಎರಡು ಸ್ವರ ಹಾಡಿ, ಅವರು ವಾಪಸ್ ಹಾಡಲಿ. ಆಮೇಲೆ ಮೂರು, ಆಮೇಲೆ ನಾಲ್ಕು. ಕಿವಿ ಗಟ್ಟಿಯಾದ ಮೇಲೆ, ನವೆಂಬರಿನಲ್ಲಿ, ಮಾಯಾಮಾಳವಗೌಳ. ಮೂರು ಸರಳೆ ಸರಿಯಾಗಿ ಬಂದರೆ ಸಾಕು.

ಎಂಟನೇ ಕ್ಲಾಸಿನ ಕಡ್ಡಾಯ ಹಾಡು ನಾಡಗೀತೆ. ಕುವೆಂಪು ಅವರ ಕುಪ್ಪಳಿ ಇರುವುದು ನಮ್ಮ ಪಕ್ಕದಲ್ಲೇ, ಆದರೂ ಎಷ್ಟೋ ಶಾಲೆಗಳಲ್ಲಿ ಅದನ್ನು ಎಳೆದೂ ಎಳೆದೂ ಹಾಡುತ್ತಾರೆ. 2004ರಲ್ಲಿ ಅದು ನಾಡಗೀತೆಯಾಯಿತು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಸರ್ಕಾರ ಗೊತ್ತುಮಾಡಿತು, ಅವಧಿ 2 ನಿಮಿಷ 30 ಸೆಕೆಂಡ್. ಗಡಿಯಾರ ಇಟ್ಟುಕೊಂಡು ಹಾಡಿಸಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಪುಸ್ತಕದಲ್ಲಿ ಗೆರೆ ಹಾಕಿಸಿ. ಪದದ ಮಧ್ಯೆ ಉಸಿರು ಬೇಡ.

ಒಂಬತ್ತನೇ ಕ್ಲಾಸು: ಕಷ್ಟದ ವರ್ಷ, ನನಗೆ ಇಷ್ಟದ ವರ್ಷ

ಹುಡುಗರ ದನಿ ಕೈ ಕೊಡುವುದು ಹೆಚ್ಚಾಗಿ ಈ ವರ್ಷ. ಹಾಗಂತ ಸಂಗೀತ ನಿಲ್ಲಬೇಕಿಲ್ಲ. ಈ ವರ್ಷದ ಪಾಠವನ್ನು ಮಾತಿಗೆ, ಛಂದಸ್ಸಿಗೆ, ವಾದ್ಯಕ್ಕೆ, ಊರ ಹಾಡಿಗೆ ತಿರುಗಿಸಿ.

ಕನ್ನಡ ಪುಸ್ತಕದಲ್ಲಿ ಮಾತ್ರೆ, ಗಣ, ಷಟ್ಪದಿ ಇದ್ದೇ ಇರುತ್ತವೆ. ಮಕ್ಕಳು ಲಘು ಗುರು ಚಿಹ್ನೆ ಹಾಕಿ ಅಂಕ ತೆಗೆದುಕೊಳ್ಳುತ್ತಾರೆ, ಆದರೆ ಅದು ಕಿವಿಗೆ ಬಿದ್ದಿರುವುದಿಲ್ಲ. ಭಾಮಿನಿ ಷಟ್ಪದಿ ಅಂದರೆ ಮೂರು-ನಾಲ್ಕು, ಮೂರು-ನಾಲ್ಕು. ಸಂಗೀತದಲ್ಲಿ ಇದೇ ಏಳು, ಮಿಶ್ರ ಚಾಪು ತಾಳದ ನಡೆ: "ತಕಿಟ ತಕಧಿಮಿ". ಮೂರರ ಮೊದಲಿಗೆ ತೊಡೆ, ನಾಲ್ಕರ ಮೊದಲಿಗೆ ಚಪ್ಪಾಳೆ. ಹತ್ತು ನಿಮಿಷ ಇದನ್ನೇ ಮಾಡಿಸಿ, ಆಮೇಲೆ ಮಕ್ಕಳಿಂದಲೇ ಪದ ಕೇಳಿ. ಒಂದು ಮಳೆ ದಿನ ನಮ್ಮ ಕ್ಲಾಸಿನಲ್ಲಿ ಹುಟ್ಟಿದ ಅರ್ಧ ಷಟ್ಪದಿ ಇದು:

ಮಳೆಯು ಸುರಿವುದು ಮಲೆಯ ಮೇಲಕೆ
ಹೊಳೆಯು ತುಂಬಿತು ಗದ್ದೆ ಮುಳುಗಿತು
ಕೊಳೆಯ ರೋಗಕೆ ಅಡಿಕೆ ಉದುರಲು ಅಪ್ಪ ಮರುಗಿದನು

ಮಳೆಯು ಮೂರು, ಸುರಿವುದು ನಾಲ್ಕು, ಮಲೆಯ ಮೂರು, ಮೇಲಕೆ ನಾಲ್ಕು. ಮೊದಲೆರಡು ಸಾಲು 14 ಮಾತ್ರೆ. ಮೂರನೆಯದು ಮೂರು-ನಾಲ್ಕು ಮೂರು ಸಲ ಬಂದು, ಮೇಲೊಂದು ಗುರು, ಒಟ್ಟು 23. ಸಾಲಿನ ಕೊನೆಯ "ನು" ಹ್ರಸ್ವವಾದರೂ ಅಲ್ಲಿ ಗುರುವಾಗಿ ನಿಲ್ಲುತ್ತದೆ. ಮಳೆ, ಹೊಳೆ, ಕೊಳೆ ಅಂತ ಪ್ರಾಸವೂ ತಾನಾಗಿ ಕೂತಿತು. ಮೂರನೇ ಸಾಲು ಹೇಳಿದ್ದು ಇಡೀ ವರ್ಷ ಸಂಗೀತದ ಪೀರಿಯಡ್‌ನಲ್ಲಿ ಕಿಟಕಿ ನೋಡುತ್ತಿದ್ದ ಹುಡುಗ. ಆ ವರ್ಷ ಅವರ ಮನೆಯ ತೋಟಕ್ಕೆ ಕೊಳೆ ಬಂದಿತ್ತು. ಸಾಲು ತಾಳಕ್ಕೆ ಕೂತಾಗ ಇಡೀ ಕ್ಲಾಸು ಅದನ್ನು ಅವನ ಕಡೆ ತಿರುಗಿ ಹೇಳಿತು, ಅವನೂ ಹೇಳಿದ, ದನಿ ಒಡೆಯಿತು, ಯಾರೂ ನಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಚಪ್ಪಾಳೆ ಕಲಿಯುವುದಕ್ಕೆ ಮಾತ್ರ. ಗಮಕ ವಾಚನದಲ್ಲಿ (ಕಾವ್ಯವನ್ನು ರಾಗವಾಗಿ ಓದುವ ಕಲೆ) ತಾಳ ಇರುವುದಿಲ್ಲ, ಅಲ್ಲಿ ರಾಗ ಅರ್ಥದ ಹಿಂದೆ ಹೋಗುತ್ತದೆ, ಪದ ಎಲ್ಲಿ ಒಡೆಯಬೇಕು ಅನ್ನುವುದೇ ಮುಖ್ಯ. ನಡೆ ಮೈಗೆ ಹತ್ತಿದ ಮೇಲೆ ಕೈ ಬಿಡಿಸಿ, ಕುಮಾರವ್ಯಾಸನ ಪದ್ಯವನ್ನು ಮೋಹನದಲ್ಲೋ ಮಧ್ಯಮಾವತಿಯಲ್ಲೋ ನಿಧಾನಕ್ಕೆ ಓದಿಸಿ. ಕೆಳಗಿನ ಐದಾರು ಸ್ವರದಲ್ಲೇ ಓದಬಹುದಾದ್ದರಿಂದ ದನಿ ಒಡೆದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಹಾಡಿಕೆ ನಾನು ಕಂಡಿಲ್ಲ. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದಲ್ಲಿ ಹೊಸಹಳ್ಳಿ ಇದೆ, ಗಮಕದ ಊರು ಅಂತಲೇ ಹೆಸರು. ಅಲ್ಲಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನದ ಧ್ವನಿಮುದ್ರಣ ಕೇಳಿಸಿ. ಹತ್ತಿರದವರಾದರೆ ಮಕ್ಕಳನ್ನು ಹೊಸಹಳ್ಳಿಗೇ ಒಂದು ದಿನ ಕರೆದುಕೊಂಡು ಹೋಗಿ.

ದೀಪಾವಳಿಗೆ ಮುಂಚೆ ಮನೆಪಾಠ ಕೊಡಿ: ಊರಲ್ಲಿ ಅಂಟಿಗೆ-ಪಂಟಿಗೆಯವರು ಬಂದರೆ ಅವರು ಹಾಡಿದ್ದನ್ನು ಕೇಳಿ ಒಂದು ಪದ ಬರೆದುಕೊಂಡು ಬರಬೇಕು. ರಾತ್ರಿಯಿಡೀ ದೀಪ ಆರದ ಹಾಗೆ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುವ ಈ ಪದ್ಧತಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೂ ಇದೆ. ಅದರ ಕಟ್ಟು ನೋಡಿ, ಮುಂದಾಳುಗಳು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ನಾಲ್ಕೈದು ಸ್ವರದೊಳಗೇ ಇಡೀ ಹಾಡು. ಕ್ಲಾಸಿಗೆ ಇದಕ್ಕಿಂತ ಏನು ಬೇಕು? ಹುಡುಗಿಯರು ಅಜ್ಜಿಯಿಂದ ಸೋಬಾನೆ ಪದ ತರುತ್ತಾರೆ. "ಅಜ್ಜಿ, ನಿಧಾನಕ್ಕೆ ಹೇಳಿ, ಬರ್ಕೊಳ್ತೀನಿ" ಅಂದರೆ ಅಜ್ಜಿಗೆ ಹೇಳಲು ಬರುವುದಿಲ್ಲ, ಹಾಡಿದರೆ ಮಾತ್ರ ಪದ ಬರುತ್ತದೆ. ಅದಕ್ಕೆ ಮೊದಲು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಬರೆಯುವುದು ಆಮೇಲೆ. ಯಾರ ಹಾಡು, ಯಾವ ಊರು, ಯಾವ ಕೆಲಸದಲ್ಲಿ ಹಾಡುವುದು ಅಂತ ಪಕ್ಕದಲ್ಲಿ ಬರೆಸಿ, ಅಜ್ಜಿಯನ್ನು ಕೇಳಿಯೇ ಶಾಲೆಯಲ್ಲಿ ಕೇಳಿಸಿ.

ವಾದ್ಯ ಅಂದರೆ ನಮ್ಮಲ್ಲಿ ಡೊಳ್ಳು. ಊರಲ್ಲಿ ತಂಡ ಇದ್ದರೆ ಅವರನ್ನೇ ಕರೆಸಿ, ಗೌರವದಿಂದ ಕರೆಸಿ, ಸಂಭಾವನೆ ಕೊಡಿ. ಬೀರದೇವರ ಸೇವೆಯಾಗಿ ಬಂದ ಕಲೆ ಅದು, ಅದರ ಹಿನ್ನೆಲೆಯನ್ನು ಅವರ ಬಾಯಲ್ಲೇ ಮಕ್ಕಳು ಕೇಳಬೇಕು. ಹೆಣ್ಣುಮಕ್ಕಳಿಗೂ ಕಟ್ಟಿಸಿ.

ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲವಾಗುತ್ತದೆ, ನಾದ ಬೊದ್ದಾಗುತ್ತದೆ. ಬಾರಿಸುವ ಮುಂಚೆ ದೂರದಿಂದ ಬೆಂಕಿ ಕಾಯಿಸಬೇಕು, ಹತ್ತಿರ ಹಿಡಿದರೆ ಚರ್ಮ ಹೋದಂತೆಯೇ. ಹಾರ್ಮೋನಿಯಂ ಮನೆಗಳೂ ಉಬ್ಬಿ ಕಚ್ಚಿಕೊಳ್ಳುತ್ತವೆ. ಅದನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಬಿಸಿಯೂಟದ ಕೋಣೆಗೆ ಹೊಂದಿಕೊಂಡ ಬೆಚ್ಚಗಿನ ಬೀರು ಸಿಕ್ಕರೆ ಬೇಡಿಯಾದರೂ ಪಡೆಯಿರಿ, ಹೊಗೆ ಮಾತ್ರ ತಾಗದಿರಲಿ.

ಹತ್ತನೇ ಕ್ಲಾಸು: ಕಡಿಮೆ ಸಮಯ, ಗಟ್ಟಿ ಹಾಡು

ಡಿಸೆಂಬರ್ ನಂತರ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಜಗಳ ಆಡಿ ಪ್ರಯೋಜನ ಇಲ್ಲ, ಜೂನ್‌ನಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಒಂದು ಮಾತು ಪಡೆದುಕೊಳ್ಳಿ: ಜನವರಿ, ಫೆಬ್ರವರಿಯಲ್ಲಿ ವಾರಕ್ಕೆ 15 ನಿಮಿಷವಾದರೂ ಎಲ್ಲರೂ ಸೇರಿ ಹಾಡಲು. ಓದಿ ಓದಿ ದಣಿದ ಮಕ್ಕಳು ಆ 15 ನಿಮಿಷಕ್ಕೆ ಕಾಯುತ್ತಾರೆ.

ಈ ವರ್ಷ ದನಿ ಸಾಕಷ್ಟು ನಿಂತಿರುತ್ತದೆ. ಮೂರು ಹಾಡು ಸಾಕು, ಆದರೆ ಬಾಯಿಪಾಠ ಆಗಬೇಕು: ಒಂದು ವಚನ, ಒಂದು ದೇವರನಾಮ, ಒಂದು ಭಾವಗೀತೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವೆ ಎರಡೂ ಶಿಕಾರಿಪುರ ತಾಲ್ಲೂಕಿನವು, ವಚನಕ್ಕೆ ಬೇರೆ ಕಡೆ ಹುಡುಕಬೇಕಿಲ್ಲ. ಭಾವಗೀತೆಗೆ ಜಿ.ಎಸ್. ಶಿವರುದ್ರಪ್ಪ, ಅವರು ಹುಟ್ಟಿದ್ದು ಅದೇ ತಾಲ್ಲೂಕಿನ ಈಸೂರಿನಲ್ಲಿ. ಹಾಡಿಸುವ ಮುಂಚೆ ಕವಿತೆಯನ್ನು ಬರೀ ಓದಿಸಿ, ಯಾವ ಪದಕ್ಕೆ ಒತ್ತು ಬೇಕು ಅಂತ ಮಕ್ಕಳೇ ಹೇಳಲಿ.

ಕೇಳುವುದನ್ನೂ ಕಲಿಸಿ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ. ಅವರ ಒಂದು ಹಾಡನ್ನು ಮೂರು ಸಲ ಕೇಳಿಸಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ತಾಳ ಹಾಕುತ್ತಾ. ಮೂರನೇ ಸಲ ಒಂದೇ ಪ್ರಶ್ನೆ: ಪಲ್ಲವಿ ಪ್ರತಿ ಸಲ ಬಂದಾಗ ಏನು ಬದಲಾಯಿತು? ಉತ್ತರ ಬರೆಸಬೇಡಿ, ಹಾಡಿ ತೋರಿಸಲಿ.

ಸಂಗೀತವನ್ನೇ ಮುಂದುವರಿಸುವ ಆಸೆ ಇರುವ ಒಬ್ಬಿಬ್ಬರು ಪ್ರತಿ ವರ್ಷ ಇರುತ್ತಾರೆ. ಅವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ದಾರಿ ಹೇಳಿ, ಹತ್ತಿರದ ಗುರುಗಳ ಹತ್ತಿರ ಕಳಿಸಿ. ವಾರಕ್ಕೊಂದು ಪೀರಿಯಡ್‌ನಲ್ಲಿ ಆ ತಯಾರಿ ಮಾಡಿಸುತ್ತೇನೆ ಅಂತ ಭರವಸೆ ಕೊಡಬೇಡಿ.

ಪ್ರತಿಭಾ ಕಾರಂಜಿ ಮತ್ತು ಗ್ರೇಡ್

ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕಳಿಸಿ, ಆದರೆ ಅದಕ್ಕೆ ಊಟದ ಬಿಡುವು, ಸಂಜೆ ಬಳಸಿ. ಕ್ಲಾಸಿನ ಪೀರಿಯಡ್ ಕ್ಲಾಸಿನದು. ಜಾನಪದ ಗೀತೆಗೆ ಒಂಬತ್ತನೇ ಕ್ಲಾಸಿನವರು ಮನೆಯಿಂದ ತಂದ ಹಾಡನ್ನೇ ಕೊಡಿ. ಯೂಟ್ಯೂಬ್ ನೋಡಿ ಕಲಿತ ಹಾಡನ್ನು ಹತ್ತು ಶಾಲೆಯವರು ಹಾಡುತ್ತಾರೆ, ಆ ಅಜ್ಜಿಯ ಹಾಡು ನಿಮ್ಮ ಶಾಲೆಯದು ಮಾತ್ರ.

ಗ್ರೇಡ್ ಕೊಡುವಾಗ ದನಿ ಇಂಪಾಗಿದೆಯಾ ಅಂತ ನೋಡಬೇಡಿ, ಅದು ಮಗುವಿನ ಕೈಯಲ್ಲಿ ಇಲ್ಲ. ನಾನು ನಾಲ್ಕು ನೋಡುತ್ತೇನೆ: ಶ್ರುತಿ ಹುಡುಕಿಕೊಳ್ಳುತ್ತದಾ, ತಾಳ ನಿಲ್ಲುತ್ತದಾ, ಹಾಡು ನೆನಪಿದೆಯಾ, ಪಕ್ಕದವರ ದನಿ ಕೇಳಿಸಿಕೊಂಡು ಹಾಡುತ್ತದಾ. ಜೂನ್‌ನಲ್ಲಿ ಹೇಗಿತ್ತು, ಈಗ ಹೇಗಿದೆ ಅನ್ನುವುದೇ ಅಳತೆ.

ಅದಕ್ಕೆ ಇನ್ನೊಂದು ಕೆಲಸ ತಪ್ಪಿಸಬೇಡಿ. ಫೆಬ್ರವರಿಯಲ್ಲಿ ಪ್ರತಿ ಕ್ಲಾಸು ಒಟ್ಟಿಗೆ ಹಾಡಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ವರ್ಷ ಹಾಕಿ ಇಡಿ. ಜೂನ್‌ನಲ್ಲಿ ಹೊಸ ಎಂಟನೇ ಕ್ಲಾಸಿಗೆ ಅದನ್ನು ಕೇಳಿಸಿ. ಕಳೆದ ಸಲ ಒಂದು ಹುಡುಗ ತನ್ನ ಅಣ್ಣನ ಕ್ಲಾಸಿನ ಎರಡು ರೆಕಾರ್ಡಿಂಗ್ ಕೇಳಿದ, ಎಂಟರದು ಮತ್ತು ಹತ್ತರದು. ಎರಡನೆಯದರಲ್ಲಿ ಕೆಳಗಿನ ಸ್ಥಾಯಿಯ ದನಿಗಳು ಬಂದಾಗ ಸ್ಪೀಕರಿನ ಹತ್ತಿರ ಕಿವಿ ತಂದು, "ಮೇಡಂ, ಇದ್ರಲ್ಲಿ ಅಣ್ಣನ್ ದನಿ ಯಾವುದು?" ಅಂತ ಕೇಳಿ, ಇನ್ನೊಮ್ಮೆ ಹಾಕಿಸಿಕೊಂಡ.